ಗಂಟಲಲ್ಲೇ ಉಳಿದ ಅಕ್ಷರ

ಹೊಲದ ಬದುವಿಗಾಗಿ ಜಗಳವಾಡಿದವರು ದಾವೆ ಹೂಡುತ್ತಾರೆ. ಅದೇ ಜಗಳದಲ್ಲಿ ತಲೆ ಒಡೆಸಿಕೊಂಡವರು ದವಾಖಾನೆಗೆ ಹೋಗುತ್ತಾರೆ. "ದಾವೆ", "ದವಾಖಾನೆ" ಎರಡೂ ಫಾರ್ಸಿ ಭಾಷೆಯ ಮೂಲಕ ಕನ್ನಡಕ್ಕೆ ಬಂದ ಪದಗಳು. ಒಂದರ ಮೊದಲಕ್ಷರ ದೀರ್ಘ, ಇನ್ನೊಂದರದು ಹ್ರಸ್ವ. ಕೇಳಿದವರಿಗೆ ಇದೊಂದು ಸಾಮಾನ್ಯ ವ್ಯತ್ಯಾಸದಂತೆ ತೋರಬಹುದು. ಆದರೆ "ದಾವೆ"ಯ ಆ ದೀರ್ಘದೊಳಗೆ ಒಂದು ವ್ಯಂಜನ ಹೂತುಹೋಗಿದೆ. ಕನ್ನಡದ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ. ಫಾರ್ಸಿಯ ವರ್ಣಮಾಲೆಯಲ್ಲಿ ಅಕ್ಷರವೇನೋ ಇದೆ. ಆದರೆ ಆ ಧ್ವನಿ ಫಾರ್ಸಿಯ ಸ್ವಂತದ್ದು ಹೌದೋ ಅಲ್ಲವೋ ಎಂಬ ಪ್ರಶ್ನೆ ಭಾಷಾವಿಜ್ಞಾನಿಗಳ ನಡುವೆ ಇನ್ನೂ ಇತ್ಯರ್ಥವಾಗದ ದಾವೆಯಾಗಿಯೇ ಉಳಿದಿದೆ.

ಆ ಧ್ವನಿ ಯಾವುದು? ಭಾರದ ಮೂಟೆಯನ್ನು ಎತ್ತುವಾಗ ಉಸಿರು ಒಂದು ಕ್ಷಣ ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ. ಕೆಮ್ಮು ಹೊರಡುವ ಮುನ್ನವೂ ಹಾಗೆಯೇ. ಆಗ ಗಂಟಲಿನ ಧ್ವನಿತಂತುಗಳೆರಡೂ ಒಂದಕ್ಕೊಂದು ಅಂಟಿ ಗಾಳಿಯ ದಾರಿಯನ್ನು ಮುಚ್ಚುತ್ತವೆ. ಮಾತಿನ ನಡುವೆ ಇದೇ ಕೆಲಸವನ್ನು ಲಘುವಾಗಿ ಮಾಡಿದರೆ ಸಿಗುವುದೇ ಈ ಧ್ವನಿ. ಬಾಯಿ ಮುಚ್ಚಿಕೊಂಡು "ಉಂ, ಉಂ" ಎಂದು ಬೇಡವೆನ್ನುವಾಗ ಎರಡು "ಉಂ"ಗಳ ನಡುವೆ ಬರುವ ಕಡಿತವನ್ನು ನೆನೆಸಿಕೊಂಡರೆ ಸಾಕು. ನಮ್ಮ ವ್ಯಾಕರಣದಲ್ಲಿ ಕ, ಖ, ಗ, ಘ, ಙಗಳನ್ನು ಕಂಠ್ಯಗಳೆಂದು ಕರೆಯುವುದುಂಟು. ವಾಸ್ತವವಾಗಿ ಅವು ನಾಲಗೆಯ ಹಿಂಭಾಗ ಮೇಲಕ್ಕೆದ್ದು ಅಂಗುಳನ್ನು ಮುಟ್ಟುವುದರಿಂದ ಹುಟ್ಟುತ್ತವೆ. ಇಲ್ಲಿ ಹೇಳುತ್ತಿರುವ ಧ್ವನಿ ಅವುಗಳಿಗಿಂತಲೂ ಕೆಳಗಿನದು. ನಾಲಗೆಗೆ ಅದರಲ್ಲಿ ಕೆಲಸವೇ ಇಲ್ಲ. ಇದನ್ನು "ಗಂಟಲ ತಡೆ" ಎಂದು ಕರೆಯೋಣ. ಬರೆಯುವಾಗ ’ ಎಂಬ ಗುರುತಿನಿಂದ ತೋರಿಸೋಣ. ಫಾರ್ಸಿಯಲ್ಲಿ ಜಗಳಕ್ಕೆ "ದ’ವಾ", ಔಷಧಕ್ಕೆ "ದವಾ".

ಎರಡು ಅಕ್ಷರ, ಒಂದೇ ದನಿ

ಈ ಧ್ವನಿ ಫಾರ್ಸಿಗೆ ಬಂದದ್ದು ಅರಬ್ಬಿಯಿಂದ. ಅರಬ್ಬಿಯಲ್ಲಿ ಗಂಟಲಿನಿಂದ ಹೊರಡುವ ಧ್ವನಿಗಳು ಹಲವು. ಅವುಗಳಲ್ಲಿ ಎರಡು ಇಲ್ಲಿ ಮುಖ್ಯ. ಒಂದು ಹಮ್ಜಾ, ಅಂದರೆ ಶುದ್ಧವಾದ ಗಂಟಲ ತಡೆ. ಇನ್ನೊಂದು ಐನ್; ಇದು ಗಂಟಲಿನ ನಡುಭಾಗವನ್ನು ಬಿಗಿಹಿಡಿದು ಹೊರಡಿಸುವ, ಪರಕೀಯರಿಗೆ ಸುಲಭವಾಗಿ ಒಲಿಯದ ಧ್ವನಿ. ಎಂಟನೆಯ ಶತಮಾನದಲ್ಲಿ ಬಸ್ರಾ ಪಟ್ಟಣದಲ್ಲಿದ್ದ ವಿದ್ವಾಂಸ ಅಲ್ ಖಲೀಲ್ ಅರಬ್ಬಿಯ ಮೊದಲ ದೊಡ್ಡ ನಿಘಂಟನ್ನು ರೂಪಿಸಿದಾಗ ಅಕ್ಷರಗಳನ್ನು ಗಂಟಲಿನಿಂದ ತುಟಿಯವರೆಗೆ ಹುಟ್ಟುವ ಸ್ಥಾನಕ್ಕೆ ಅನುಸಾರವಾಗಿ ಜೋಡಿಸಿದ. ಸಂಸ್ಕೃತದ ವರ್ಣಮಾಲೆಯನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ಆತನ ನಿಘಂಟು ಐನ್‌ನಿಂದ ಆರಂಭವಾಗುತ್ತದೆ; ಆದ್ದರಿಂದಲೇ ಅದಕ್ಕೆ "ಕಿತಾಬ್ ಅಲ್ ಐನ್" ಎಂಬ ಹೆಸರು ಬಂತು. ಐನ್‌ಗಿಂತಲೂ ಆಳದಲ್ಲಿ ಹುಟ್ಟುವ ಹಮ್ಜಾದಿಂದ ಆತ ಏಕೆ ಆರಂಭಿಸಲಿಲ್ಲ? ಹಮ್ಜಾ ಬದಲಾಗುವ, ಬಿದ್ದುಹೋಗುವ ಸ್ವಭಾವದ್ದು. ನಂಬಿ ಮೊದಲ ಸ್ಥಾನ ಕೊಡುವಂಥದಲ್ಲ ಎಂಬ ವಿವರಣೆ ಅರಬ್ಬಿ ವಿದ್ವತ್ ಪರಂಪರೆಯಲ್ಲಿದೆ. ಅಲ್ ಖಲೀಲನ ಶಿಷ್ಯ ಸೀಬವೈಹಿ ಅರಬ್ಬಿ ವ್ಯಾಕರಣದ ಮಹಾಗ್ರಂಥವನ್ನು ಬರೆದವನು. ಹುಟ್ಟಿನಿಂದ ಇರಾನಿನವನಾದ ಆತ ಹಮ್ಜಾ ಗಂಟಲಿನ ತೀರ ಒಳಗಿನದೆಂದೂ ಐನ್ ಗಂಟಲಿನ ನಡುವಿನದೆಂದೂ ವಿಂಗಡಿಸಿ ತೋರಿಸಿದ.

ಇರಾನಿನ ಸಾಮಾನ್ಯ ಜನರ ಗಂಟಲು ಆ ವಿಂಗಡಣೆಯನ್ನು ಒಪ್ಪಲಿಲ್ಲ. 642ರ ನಹಾವಂದ್ ಯುದ್ಧದಲ್ಲಿ ಸೋತ ಸಾಸಾನಿ ಸಾಮ್ರಾಜ್ಯ 651ರಲ್ಲಿ ಕೊನೆಯ ಅರಸ ಮೂರನೆಯ ಯಜ್ದಗಿರ್ದ್‌ನ ಕೊಲೆಯೊಂದಿಗೆ ಮುಗಿಯಿತು. ಮುಂದಿನ ಶತಮಾನಗಳಲ್ಲಿ ಫಾರ್ಸಿ ಅರಬ್ಬಿ ಲಿಪಿಯನ್ನು ಹಿಡಿಯಿತು. ಅರಬ್ಬಿಯ 28 ಅಕ್ಷರಗಳಿಗೆ ತನಗೆ ಬೇಕಾದ ಪ, ಚ, ಗ ಮತ್ತು "ಝ್ಹ" ಎಂಬಂಥ ಇನ್ನೊಂದನ್ನು ಸೇರಿಸಿಕೊಂಡು 32 ಮಾಡಿಕೊಂಡಿತು. ಅಕ್ಷರಗಳ ಜೊತೆಗೆ ಸಾವಿರಾರು ಅರಬ್ಬಿ ಪದಗಳೂ ಬಂದವು. ಬರವಣಿಗೆಯಲ್ಲಿ ಅವು ಅರಬ್ಬಿಯಲ್ಲಿದ್ದಂತೆಯೇ ಉಳಿದವು. ಉಚ್ಚಾರಣೆಯಲ್ಲಿ ಮಾತ್ರ ಫಾರ್ಸಿಯ ಹಾದಿ ಹಿಡಿದವು. ಅರಬ್ಬಿಯ ನಾಲ್ಕು ಬೇರೆ ಬೇರೆ ಅಕ್ಷರಗಳು ಫಾರ್ಸಿಯ ಬಾಯಲ್ಲಿ ಒಂದೇ "ಜ಼" ಆದವು. ಮೂರು ಅಕ್ಷರಗಳು ಒಂದೇ "ಸ" ಆದವು. ಐನ್ ಮತ್ತು ಹಮ್ಜಾ ಎರಡೂ ಸೇರಿ ಒಂದೇ ಗಂಟಲ ತಡೆಯಾದವು. ಮೊಹರಂ ಮೆರವಣಿಗೆಯಲ್ಲಿ ಹಿಡಿಯುವ ಧ್ವಜ "ಅಲಮ್". ನೋವು, ದುಃಖ ಎಂಬರ್ಥದ ಪದವೂ "ಅಲಮ್". ಬರೆಯುವಾಗ ಮೊದಲನೆಯದಕ್ಕೆ ಐನ್, ಎರಡನೆಯದಕ್ಕೆ ಅಲಿಫ್. ಇರಾನಿನವರು ಓದಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಶಾಲೆಯ ಮಗು ಯಾವುದನ್ನು ಯಾವ ಅಕ್ಷರದಲ್ಲಿ ಬರೆಯಬೇಕೆಂದು ಉರುಹೊಡೆಯದೆ ಬೇರೆ ದಾರಿಯಿಲ್ಲ.

ಕೆಟ್ಟದ್ದು, ಆಮೇಲೆ, ಗಾಳಿ

ಫಾರ್ಸಿಯಲ್ಲಿ "ಬದ್" ಎಂದರೆ ಕೆಟ್ಟದ್ದು. "ಬ’ದ್" ಎಂದರೆ ಆಮೇಲೆ. "ಬಾದ್" ಎಂದರೆ ಗಾಳಿ. ವಾರ್ತೆ ಓದುವವರು, ಭಾಷಣ ಮಾಡುವವರು, ಪಾಠ ಹೇಳುವ ಮೇಷ್ಟ್ರುಗಳು ಎರಡನೆಯ ಪದದಲ್ಲಿ ಗಂಟಲನ್ನು ಕ್ಷಣಕಾಲ ತಡೆದು ನುಡಿಯಬಹುದು. ತೆಹರಾನಿನ ಬೀದಿಯ ಮಾತಿನಲ್ಲಿ ಆ ತಡೆ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ತಡೆ ಬಿದ್ದುಹೋದಾಗ ಅದರ ಹಿಂದಿನ ಸ್ವರ ಎಳೆದುಕೊಳ್ಳುತ್ತದೆ. ಹೀಗಾಗಿ "ಆಮೇಲೆ" ಎಂಬುದು "ಕೆಟ್ಟದ್ದು" ಆಗುವುದಿಲ್ಲ.

ಹಾಗಾದರೆ ಅದು "ಗಾಳಿ"ಯೊಂದಿಗೆ ಬೆರೆತುಹೋಗಬೇಕಲ್ಲ ಎಂದು ಕೇಳಬಹುದು. ಇಂದಿನ ಇರಾನಿನಲ್ಲಿ ಬೆರೆಯುವುದಿಲ್ಲ. ಅಲ್ಲಿ ಹ್ರಸ್ವ "ಅ" ಮತ್ತು ದೀರ್ಘ "ಆ"ಗಳ ವ್ಯತ್ಯಾಸ ಕೇವಲ ಕಾಲದ್ದಲ್ಲ, ಬಾಯಿಯ ಆಕಾರದ್ದೂ ಹೌದು. ಅವರ "ಅ" ನಮ್ಮಲ್ಲಿ "ಬ್ಯಾಟು" ಎನ್ನುವಾಗಿನ ಸ್ವರಕ್ಕೆ ಹತ್ತಿರ. ಅವರ "ಆ" ಇಂಗ್ಲಿಷಿನ "ಹಾಲ್" ಎನ್ನುವಾಗಿನ ದುಂಡು ಸ್ವರಕ್ಕೆ ಹತ್ತಿರ. ಆದ್ದರಿಂದ ಎಳೆದ "ಅ" ಬೇರೆಯಾಗಿಯೇ ಉಳಿಯುತ್ತದೆ. ಇದೇ ರೀತಿ ಮೇಣದಬತ್ತಿಯಾದ "ಶಮ್’", ಅರ್ಥ ಎಂಬುದಕ್ಕಿರುವ "ಮ’ನಿ", ಕಾಲುಭಾಗ ಎಂಬರ್ಥದ "ರೊಬ್’" ಇವೆಲ್ಲವೂ ಆಡುಮಾತಿನಲ್ಲಿ ತಡೆಯನ್ನು ಕಳೆದುಕೊಂಡು ಸ್ವರವನ್ನು ಎಳೆದುಕೊಳ್ಳುತ್ತವೆ. ಟೊಮೇಟೊವನ್ನು ಕುದಿಸಿ ಗಟ್ಟಿ ಮಾಡಿದ ಸಾರಕ್ಕೆ ಇರಾನಿನ ಅಡುಗೆಮನೆಯಲ್ಲಿ "ರೊಬ್" ಎನ್ನುತ್ತಾರೆ. ಅದಕ್ಕೂ ಕಾಲುಭಾಗಕ್ಕೂ ಇರುವ ವ್ಯತ್ಯಾಸ ಈ ಎಳೆತವೊಂದೇ. ತೆಹರಾನಿನ ಆಡುಮಾತಿನ ಈ ಲಕ್ಷಣವನ್ನು ಅಲಿ ದರ್ಜಿ ಎಂಬ ಭಾಷಾವಿಜ್ಞಾನಿ 1991ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಗಂಟಲ ತಡೆಯಷ್ಟೇ ಅಲ್ಲ, "ಹ"ಕಾರ ಬಿದ್ದಾಗಲೂ ಹೀಗೆಯೇ ಆಗುತ್ತದೆ. ನಗರ ಎಂಬರ್ಥದ "ಶಹರ್" ಆಡುಮಾತಿನಲ್ಲಿ ಎಳೆದ ಸ್ವರದ "ಶರ್" ಆಗುತ್ತದೆ.

ಇದಕ್ಕೆ ಕಾರಣವನ್ನು ಕನ್ನಡದ ಓದುಗರು ಛಂದಸ್ಸಿನ ಲೆಕ್ಕದಿಂದಲೇ ತಿಳಿಯಬಹುದು. ಒತ್ತಕ್ಷರದ ಹಿಂದಿನ ಹ್ರಸ್ವ ಗುರುವಾಗುತ್ತದೆ, ಅದಕ್ಕೆ ಎರಡು ಮಾತ್ರೆ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. "ದ’ವಾ" ಎಂಬಲ್ಲಿ "ದ"ದ ಮುಂದೆ ಗಂಟಲ ತಡೆ ಇರುವುದರಿಂದ "ದ" ಗುರು. ತಡೆಯನ್ನು ಕಿತ್ತುಹಾಕಿದರೆ ಅದು ಲಘುವಾಗಿ ಒಂದು ಮಾತ್ರೆ ನಷ್ಟವಾಗಬೇಕು. ಭಾಷೆ ಆ ನಷ್ಟವನ್ನು ಸ್ವರವನ್ನು ಎಳೆದು ತುಂಬಿಕೊಳ್ಳುತ್ತದೆ. ವ್ಯಂಜನ ಹೋದರೂ ಅದರ ಮಾತ್ರೆ ಹೋಗುವುದಿಲ್ಲ. ಆದರೆ ವ್ಯಂಜನ ಸ್ವರದ ಹಿಂದೆ ಇದ್ದರೆ ಲೆಕ್ಕ ಬೇರೆ. "ಅ" ಎಂದರೂ ಒಂದೇ ಮಾತ್ರೆ, "ಕ" ಎಂದರೂ ಒಂದೇ ಮಾತ್ರೆ. ಸ್ವರದ ಹಿಂದಿನ ವ್ಯಂಜನಕ್ಕೆ ಮಾತ್ರೆಯ ಬೆಲೆಯಿಲ್ಲ. ಅದು ಬಿದ್ದರೆ ತುಂಬಿಕೊಳ್ಳಬೇಕಾದ ನಷ್ಟವೂ ಇಲ್ಲ. ಇಡೀ ವಿವಾದ ಈ ಎರಡು ಸ್ಥಾನಗಳ ನಡುವೆ ನಿಂತಿದೆ.

ಇದ್ದರೂ ಇಲ್ಲದಂತೆ

ಭಾಷಾವಿಜ್ಞಾನದಲ್ಲಿ ಬಾಯಿಂದ ಹೊರಡುವ ಸದ್ದೆಲ್ಲ ಒಂದೇ ಯೋಗ್ಯತೆಯದಲ್ಲ. ಅರ್ಥವನ್ನು ಬೇರ್ಪಡಿಸುವ ಶಕ್ತಿಯುಳ್ಳ ಧ್ವನಿಗೆ "ಧ್ವನಿಮಾ" ಎಂಬ ಸ್ಥಾನ ಸಿಗುತ್ತದೆ. ಕನ್ನಡದಲ್ಲಿ "ಬೆಲೆ" ಬೇರೆ, "ಬೆಳೆ" ಬೇರೆ. ಆದ್ದರಿಂದ ಲ, ಳಗಳು ಎರಡು ಧ್ವನಿಮಾಗಳು. ಇದಕ್ಕೆ ಬದಲಾಗಿ, "ಎಲೆ" ಎಂಬುದನ್ನು ಅನೇಕರು "ಯೆಲೆ" ಎನ್ನುತ್ತಾರೆ, "ಒಂದು" ಎಂಬುದನ್ನು "ವೊಂದು" ಎನ್ನುತ್ತಾರೆ. ಆ ಯ, ವಗಳು ಕಿವಿಗೆ ಕೇಳುತ್ತವೆ. ಆದರೂ ಅವನ್ನು ಯಾರೂ ಬರೆಯುವುದಿಲ್ಲ, ಹೇಳುವವರ ಗಮನಕ್ಕೂ ಅವು ಬರುವುದಿಲ್ಲ. ಅವು ಇದ್ದರೂ ಇಲ್ಲದಿದ್ದರೂ ಅರ್ಥ ಕೆಡುವುದಿಲ್ಲ. ಅವು ಆ ಸ್ಥಾನದಲ್ಲಿ ತಾವಾಗಿಯೇ ಹುಟ್ಟಿಕೊಳ್ಳುವ ಧ್ವನಿಗಳು.

ಫಾರ್ಸಿಯ ಪದದ ಆರಂಭದಲ್ಲಿ ಗಂಟಲ ತಡೆಯ ಪಾಡು ಇದೇ. ನೀರು ಎಂಬರ್ಥದ "ಆಬ್" ಅಚ್ಚ ಇರಾನಿ ಪದ. ಅದರಲ್ಲಿ ಐನ್ ಇಲ್ಲ. ಆದರೂ ಬಿಡಿಯಾಗಿ ಸ್ಪಷ್ಟವಾಗಿ ನುಡಿಯುವಾಗ "’ಆಬ್" ಎಂದೇ ಕೇಳಿಸುತ್ತದೆ. ಸ್ವರದಿಂದ ಆರಂಭವಾಗುವ ಎಲ್ಲ ಪದಗಳೂ ಹೀಗೆಯೇ. ತಡೆ ಇರುವ ಪದ ಮತ್ತು ಇಲ್ಲದ ಪದ ಎಂಬ ಜೋಡಿಯೇ ಅಲ್ಲಿ ಸಿಗುವುದಿಲ್ಲ. ಆದ್ದರಿಂದ ಅಲ್ಲಿ ಅದು ನಮ್ಮ "ಯೆಲೆ"ಯ ಯಕಾರದಂತೆ, ಧ್ವನಿಮಾ ಅಲ್ಲ ಎಂದು ಒಂದು ಪಕ್ಷ ವಾದಿಸುತ್ತದೆ. ಇನ್ನೊಂದು ಪಕ್ಷ ಬೇರೆ ನೆಲೆಯಿಂದ ನೋಡುತ್ತದೆ. ತಡೆಯನ್ನು ವ್ಯಂಜನವೆಂದು ಒಪ್ಪಿದರೆ ಫಾರ್ಸಿಯ ಪ್ರತಿಯೊಂದು ಉಚ್ಚಾರಾಂಶವೂ ಒಂದು ವ್ಯಂಜನದಿಂದಲೇ ಆರಂಭವಾಗುತ್ತದೆ ಎಂಬ ಸರಳವಾದ, ಅಪವಾದವಿಲ್ಲದ ನಿಯಮ ಸಿಗುತ್ತದೆ. ಆ ನಿಯಮದ ಅಂದಕ್ಕಾಗಿ ತಡೆಯನ್ನು ಭಾಷೆಯ ಪಟ್ಟಿಯಲ್ಲಿ ಸೇರಿಸಿಕೊಳ್ಳುವುದೇ ಸರಿ ಎಂಬುದು ಅವರ ಮತ.

ಪದದ ನಡುವೆ ಮತ್ತು ಕೊನೆಯಲ್ಲಿ ಮಾತ್ರ ತಡೆಗೆ ಅರ್ಥ ಬೇರ್ಪಡಿಸುವ ಶಕ್ತಿ ಇದೆ. "ಬದ್" ಮತ್ತು "ಬ’ದ್", "ದವಾ" ಮತ್ತು "ದ’ವಾ" ಅದಕ್ಕೆ ಸಾಕ್ಷಿ. ಆದರೆ ಇಲ್ಲಿಯೂ ಒಂದು ತೊಡಕು. ಹೀಗೆ ನಡುವೆ ಅಥವಾ ಕೊನೆಯಲ್ಲಿ ತಡೆ ಇರುವ ಪದಗಳೆಲ್ಲ ಅರಬ್ಬಿಯಿಂದ ಬಂದವು. ಶರತ್ಕಾಲ ಎಂಬರ್ಥದ "ಪಾಯೀಜ್" ಎಂಬ ದೇಶಿ ಪದವನ್ನು ಹಿಂದೆ ಹಮ್ಜಾ ಹಾಕಿ ಬರೆಯುವ ರೂಢಿಯಿತ್ತು. ಅದು ಯಕಾರದಿಂದ ಬರೆಯಬೇಕಾದ ಪದ ಎಂದು ಇರಾನಿನ ಭಾಷಾ ಅಕಾಡೆಮಿಯಾದ ಫರ್ಹಂಗಿಸ್ತಾನ್ ತನ್ನ ಬರವಣಿಗೆಯ ನಿಯಮಗಳಲ್ಲಿ ತಿದ್ದಿತು. ಬೀದಿಯ ಮಾತಿನಲ್ಲಂತೂ ತಡೆಯೇ ಇಲ್ಲ, ಅದರ ಬದಲು ಎಳೆದ ಸ್ವರವಿದೆ. ಹಾಗಿದ್ದರೆ ಅರ್ಥವನ್ನು ಬೇರ್ಪಡಿಸುತ್ತಿರುವುದು ಕೇಳಿಸದ ವ್ಯಂಜನವೋ, ಕೇಳಿಸುವ ದೀರ್ಘವೋ? ಮಾತಾಡುವವನ ಮನಸ್ಸಿನಲ್ಲಿ ವ್ಯಂಜನವಿದೆ, ಬಾಯಲ್ಲಿ ಅದು ದೀರ್ಘವಾಗಿ ಬರುತ್ತದೆ ಎನ್ನುವವರಿದ್ದಾರೆ. ವ್ಯಂಜನ ಹೋಗಿ ಭಾಷೆಗೆ ಹೊಸದೊಂದು ದೀರ್ಘ ಹುಟ್ಟಿದೆ ಎಂದೂ ವಾದಿಸಬಹುದು. ಅದೇ ವ್ಯಕ್ತಿ ಬೆಳಿಗ್ಗೆ ಸಭೆಯಲ್ಲಿ ತಡೆದು ನುಡಿದು ಸಂಜೆ ಮನೆಯಲ್ಲಿ ಎಳೆದು ನುಡಿಯುವುದರಿಂದ ಎರಡೂ ವಾದಗಳಿಗೆ ಆಧಾರ ಸಿಗುತ್ತದೆ.

ಕವಿಗಳ ಸಾಕ್ಷಿ, ಲಿಪಿಯ ಸಾಕ್ಷಿ

ಫಾರ್ಸಿಯ ಹಳೆಯ ಕಾವ್ಯದ ಛಂದಸ್ಸು ಅಕ್ಷರಗಳ ಹ್ರಸ್ವ ದೀರ್ಘಗಳ ಮೇಲೆ ನಿಂತದ್ದು. ಆದ್ದರಿಂದ ಅಂದಿನ ಉಚ್ಚಾರಣೆಗೆ ಅದೊಂದು ದಾಖಲೆ. "ಮನ್" ಎಂದರೆ ನಾನು, "ಅಜ಼್" ಎಂದರೆ ಇಂದ. ಬಿಡಿಸಿ ಹೇಳಿದರೆ ಎರಡೂ ಗುರು. ಕವಿಗೆ ಬೇಕಾದಾಗ ಎರಡನ್ನೂ ಕೂಡಿಸಿ "ಮನಜ಼್" ಎಂದು ಮಾಡಿ ಮೊದಲಕ್ಷರವನ್ನು ಲಘುವಾಗಿಸಬಹುದು. ನಮ್ಮ ಸಂಧಿಯ ಹಾಗೆಯೇ ಇದು. ಪದದ ಆರಂಭದ ಅಲಿಫ್‌ಗೆ ಈ ಸ್ವಾತಂತ್ರ್ಯವಿತ್ತು. ಆದರೆ ಐನ್‌ನಿಂದ ಆರಂಭವಾಗುವ ಪದವನ್ನು ಹಳೆಯ ಕವಿಗಳು ಸಾಮಾನ್ಯವಾಗಿ ಹೀಗೆ ಕೂಡಿಸುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಐನ್ ಕ, ತ, ಮಗಳಂತೆ ಪೂರ್ಣ ವ್ಯಂಜನ. ಇಂದು "ಅಲಮ್" ಎಂಬ ಎರಡು ಪದಗಳನ್ನು ಕಿವಿಯಿಂದ ಬೇರ್ಪಡಿಸಲಾಗದ ಓದುಗ, ಛಂದಸ್ಸು ಸರಿಯಾಗಿ ಬರಬೇಕಾದರೆ ಯಾವುದು ಐನ್, ಯಾವುದು ಅಲಿಫ್ ಎಂಬುದನ್ನು ತಿಳಿದಿರಲೇಬೇಕಾಗುತ್ತದೆ. ಬರವಣಿಗೆಯಿಂದ ಐನ್ ಅನ್ನು ಕಿತ್ತುಹಾಕಿದರೆ ಕಷ್ಟವೊಂದು ತಪ್ಪುತ್ತದೆ ನಿಜ. ಆದರೆ ಸಾವಿರ ವರ್ಷಗಳ ಕಾವ್ಯವನ್ನು ಓದುವ ಒಂದು ಕೀಲಿಕೈಯೂ ಅದರೊಂದಿಗೆ ಹೋಗುತ್ತದೆ.

ಆ ಲಿಪಿಯನ್ನೇ ಬಿಟ್ಟರೆ ಏನಾದೀತು ಎಂಬುದಕ್ಕೂ ಉದಾಹರಣೆ ಇದೆ. ಮಧ್ಯ ಏಷ್ಯಾದ ತಾಜಿಕಿಸ್ತಾನದ ಜನರ ನುಡಿ ಫಾರ್ಸಿಯದೇ ಒಂದು ರೂಪ. ಸೋವಿಯತ್ ಆಡಳಿತದಲ್ಲಿ ಅವರ ಬರವಣಿಗೆ ಅರಬ್ಬಿ ಲಿಪಿಯಿಂದ ಲ್ಯಾಟಿನ್ ಲಿಪಿಗೆ, ಅಲ್ಲಿಂದ 1940ರ ಹೊತ್ತಿಗೆ ರಷ್ಯನ್ನರ ಸಿರಿಲಿಕ್ ಲಿಪಿಗೆ ಬದಲಾಯಿತು. ಹೊಸ ಲಿಪಿಯಲ್ಲಿ ಪ್ರತಿಯೊಂದು ಧ್ವನಿಗೂ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಯಿತು. ಐನ್ ಮತ್ತು ಹಮ್ಜಾಗಳಿಗೆ ಸೇರಿಸಿ ಒಂದೇ ಗುರುತನ್ನು ಕೊಟ್ಟರು. ರಷ್ಯನ್ ಭಾಷೆಯಲ್ಲಿ ಬೇರೆ ಕೆಲಸಕ್ಕಿದ್ದ ಒಂದು ಚಿಹ್ನೆಯನ್ನು ಇದಕ್ಕೆ ಬಳಸಿಕೊಂಡರು. ಪದದ ನಡುವೆ ಮತ್ತು ಕೊನೆಯಲ್ಲಿ ಮಾತ್ರ ಅದನ್ನು ಬರೆಯುತ್ತಾರೆ, ಆರಂಭದಲ್ಲಿ ಬರೆಯುವುದಿಲ್ಲ. ಅಂದರೆ "ಆಮೇಲೆ" ಎಂಬ ಪದದಲ್ಲಿ ಗುರುತು ಇದೆ, "ಧ್ವಜ" ಎಂಬ ಪದದಲ್ಲಿಲ್ಲ. ಆ ಚಿಹ್ನೆಯ ತಾಜಿಕ್ ಹೆಸರು "ಅಲೋಮತಿ ಸಕ್ತಾ", ತಡೆಯ ಗುರುತು ಎಂದು ಅರ್ಥ. ವಿಚಿತ್ರವೆಂದರೆ ಗುರುತು ಎಂಬರ್ಥದ ಆ "ಅಲೋಮತ್" ಪದ ಮೂಲದಲ್ಲಿ ಐನ್‌ನಿಂದಲೇ ಆರಂಭವಾಗುವಂಥದು. ತಡೆಯ ಗುರುತು ತನ್ನ ಹೆಸರಿನ ಮೊದಲಲ್ಲೇ ಇಲ್ಲ!

ಕನ್ನಡದಲ್ಲಿ ಉಳಿದ ಹೆಜ್ಜೆ

1347ರಲ್ಲಿ ಸ್ಥಾಪನೆಯಾಗಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯದಿಂದ ಟಿಪ್ಪುವಿನ ಕಾಲದವರೆಗೆ ಫಾರ್ಸಿಗೆ ಈ ನಾಡಿನ ದರ್ಬಾರು ಮತ್ತು ದಫ್ತರಗಳಲ್ಲಿ ಸ್ಥಾನವಿತ್ತು. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದಿಂದ ಬಂದವನು. ಫಾರ್ಸಿಯಿಂದ ನೇರವಾಗಿಯೂ ದಖನಿ, ಮರಾಠಿಗಳ ಮೂಲಕವೂ ಕಚೇರಿಯ ಪದಗಳು ಕನ್ನಡಕ್ಕೆ ಹರಿದುಬಂದವು. ಅವುಗಳಲ್ಲಿ ಅನೇಕ ಪದಗಳ ಮೂಲದಲ್ಲಿ ಈ ತಡೆ ಇತ್ತು.

ಈ ಪದಗಳನ್ನು ಒಂದೆಡೆ ಇಟ್ಟು ನೋಡಿದರೆ ಮಾತ್ರೆಯ ಲೆಕ್ಕ ಇಲ್ಲಿಯೂ ಎದ್ದು ಕಾಣುತ್ತದೆ. ಅರ್ಜಿ, ಇಲಾಖೆ, ಅಮಲ್ದಾರ, ಅದಾಲತ್ತು ಇವೆಲ್ಲ ಮೂಲದಲ್ಲಿ ಐನ್‌ನಿಂದ ಆರಂಭವಾಗುತ್ತಿದ್ದವು. ಆರಂಭದ ತಡೆಗೆ ಮಾತ್ರೆಯಿಲ್ಲ. ಅದು ಗುರುತೇ ಉಳಿಯದಂತೆ ಹೋಯಿತು. ನಡುವೆ ತಡೆ ಇದ್ದಲ್ಲಿ ಸ್ವರ ದೀರ್ಘವಾಯಿತು. "ಮ’ಮೂಲ್" ಮಾಮೂಲು ಆಯಿತು, "ತ’ಲೀಮ್" ತಾಲೀಮು ಆಯಿತು, "ದ’ವಾ" ದಾವೆಯಾಯಿತು. "ತ’ಅಲ್ಲುಕ್" ಎಂಬಲ್ಲಿ ತಡೆಯ ಎರಡೂ ಕಡೆಯ ಅಕಾರಗಳು ಕೂಡಿ ತಾಲ್ಲೂಕು ಆಯಿತು. ಕೊನೆಯಲ್ಲಿ ತಡೆ ಇದ್ದ "ಜಮ್’" ಒಂದು ಸ್ವರವನ್ನೇ ಗಳಿಸಿಕೊಂಡು ಜಮಾ ಆಯಿತು. ಮೊದಲೇ ದೀರ್ಘವಿದ್ದ ಕಡೆ ತುಂಬಿಕೊಳ್ಳಲು ಏನೂ ಇರಲಿಲ್ಲ. "ಶುರೂ’" ಎಂಬುದು ಶುರು ಆಗಿ ಉಳಿಯಿತು. ದವಾಖಾನೆಯ "ದವಾ" ಕೂಡ ಅರಬ್ಬಿಯಲ್ಲಿ ಹಮ್ಜಾದಿಂದ ಕೊನೆಯಾಗುತ್ತಿದ್ದ ಪದವೇ. ಫಾರ್ಸಿಯೇ ಅದನ್ನು ಬರವಣಿಗೆಯಿಂದಲೂ ಬಿಟ್ಟುಬಿಟ್ಟಿತು. ಎರಡು ಸ್ವರಗಳ ನಡುವೆ ತಡೆ ಬಿದ್ದಾಗ ಆಗಮಸಂಧಿ ನೆರವಿಗೆ ಬಂತು. ಕಾಯಿದೆ, ಫಾಯಿದೆಗಳಲ್ಲಿ ಯಕಾರ. ಮೂಲದಲ್ಲಿ "ಸು’ಆಲ್" ಆಗಿದ್ದ ಸವಾಲಿನಲ್ಲಿ ವಕಾರ.

ಒಂದು ವ್ಯತ್ಯಾಸವಿದೆ. ಇರಾನಿನಲ್ಲಿ ಎಳೆದ "ಅ" ಬೇರೆ, "ಆ" ಬೇರೆ ಎಂದು ಮೇಲೆ ನೋಡಿದೆವು. ಭಾರತದ ಭಾಷೆಗಳಲ್ಲಿ ಎಳೆದ "ಅ" ಎಂದರೆ "ಆ"ಕಾರವೇ. ಆದ್ದರಿಂದ ಹಿಂದಿ, ಉರ್ದುಗಳಲ್ಲಿ "ಆಮೇಲೆ" ಎಂಬರ್ಥದ ಪದವೂ "ಬಾದ್" ಆಗಿ ಗಾಳಿಯೊಂದಿಗೆ ಬೆರೆತುಹೋಯಿತು. ಇರಾನಿನಲ್ಲಿ ಮೂರಾಗಿ ಉಳಿದದ್ದು ಇಲ್ಲಿ ಎರಡಾಯಿತು.

ಎರವಲು ಧ್ವನಿಯೊಂದು ಓದಿದವರ ಬಾಯಲ್ಲಿ ಉಳಿದು, ಬೀದಿಯಲ್ಲಿ ಕರಗಿ, ಬರವಣಿಗೆಯಲ್ಲಿ ಗಟ್ಟಿಯಾಗಿ ಕುಳಿತುಕೊಳ್ಳುವುದು ಕನ್ನಡಿಗರಿಗೆ ಅಪರಿಚಿತವಲ್ಲ. ಸಂಸ್ಕೃತದಿಂದ ಬಂದ ಮಹಾಪ್ರಾಣಗಳ ಕಥೆಯೂ ಇದೇ. ಬಹುಪಾಲು ಜನರ ಮಾತಿನಲ್ಲಿ ಅವು ಇಲ್ಲವಾದ್ದರಿಂದ ಬರವಣಿಗೆಯಲ್ಲಿಯೂ ಬೇಡ ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಎದ್ದ ಚರ್ಚೆಯ ಕಾವನ್ನು ಬಲ್ಲವರಿಗೆ ಐನ್‌ನ ಪ್ರಶ್ನೆ ದೂರದ್ದೆನಿಸಲಾರದು. ಅಂಥ ಧ್ವನಿ ಭಾಷೆಯದು ಹೌದೋ ಅಲ್ಲವೋ ಎಂದು ಕೇಳಿದರೆ, ಯಾರ ಬಾಯಲ್ಲಿ, ಪದದ ಯಾವ ಸ್ಥಾನದಲ್ಲಿ ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳಲಾಗದು. ಫಾರ್ಸಿಯ ಗಂಟಲ ತಡೆ ಪದದ ಮೊದಲಲ್ಲಿ ಸದ್ದಾಗಿದ್ದರೂ ಲೆಕ್ಕಕ್ಕಿಲ್ಲ. ನಡುವೆ ಸದ್ದೇ ಇಲ್ಲದಿದ್ದರೂ ಲೆಕ್ಕಕ್ಕಿದೆ. ದಾವೆ ಹೂಡಲು ಹೋದವನು ದವಾಖಾನೆಯ ಬಾಗಿಲಿಗೆ ಹೋಗಿ ನಿಲ್ಲದಂತೆ ಕಾಯುತ್ತಿರುವುದು, ಕನ್ನಡಿಗರಾರೂ ನುಡಿಯದ ಆ ಐನ್ ಬಿಟ್ಟುಹೋದ ಒಂದು ಮಾತ್ರೆ.